ಅರ್ಧ ಸ್ವರ ಕೆಳಗೆ

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ವಿರ್ವೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಹದಿನೇಳನೆಯ ಸಲವೂ ಅದೇ ಕತೆ. ಸಾರೆಮಾ ದ್ವೀಪದ ಆ ಹಳೇ ಕಲ್ಲಿನ ಚರ್ಚಿನಲ್ಲಿ ಇಪ್ಪತ್ನಾಲ್ಕು ಜನ ಯಾವ ವಾದ್ಯದ ನೆರವೂ ಇಲ್ಲದೆ ಹಾಡುತ್ತಿದ್ದರು. ಡಿ ಶ್ರುತಿಯಲ್ಲಿ ಸರಿಯಾಗಿಯೇ ಎತ್ತಿಕೊಳ್ಳುತ್ತಿದ್ದರು. ಎರಡನೆಯ ಚರಣ ಮುಗಿಯುವಷ್ಟರಲ್ಲಿ ಅಷ್ಟೂ ಜನ ಒಟ್ಟಿಗೇ ಅರ್ಧ ಸ್ವರ ಕೆಳಗೆ ಜಾರಿರುತ್ತಿದ್ದರು.

ಮೂವತ್ತು ವರ್ಷದಿಂದ ರೆಕಾರ್ಡಿಂಗ್ ಮಾಡುತ್ತಿದ್ದವಳು ವಿರ್ವೆ. ದಣಿದವರ ಶ್ರುತಿ ಇಳಿಯುತ್ತದೆ, ಹೆದರಿದವರದೂ ಇಳಿಯುತ್ತದೆ, ಅದು ಅವಳಿಗೆ ಹೊಸದಲ್ಲ. ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅಷ್ಟೇ ಇಳಿದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ವೃಂದವನ್ನು ನಡೆಸುವ ಹಿಲ್ಲರ್ ಕಾಲೇಜಿನಲ್ಲಿ ಅವಳ ಜೊತೆ ಓದಿದವನು. ಅವನ ತಾಳ್ಮೆ ಕೆಟ್ಟಿತ್ತು.

"ಕಲ್ಯೋ, ನೀವು ಒಳ್ಳೇ ಲಂಗರು ಇದ್ದ ಹಾಗಿದೀರಿ," ಅಂದ ಎಲ್ಲರೆದುರಿಗೇ. "ಇಡೀ ಹಡಗನ್ನ ತಳಕ್ಕೆ ಎಳೀತೀರಿ. ಸ್ವಲ್ಪ ಹೊರಗೆ ಕೂತಿರಿ."

ಎಪ್ಪತ್ತೊಂದರ ಕಲ್ಯೋ ದ್ವೀಪದ ದೋಣಿಯಲ್ಲಿ ದುಡಿದು ನಿವೃತ್ತನಾದವನು. ವೃಂದದಲ್ಲಿ ಅವನಷ್ಟು ಆಳದ ದನಿ ಇನ್ನೊಂದಿರಲಿಲ್ಲ. ಅವನು ಟೋಪಿ ಎತ್ತಿಕೊಂಡು ಹೋಗಿ ಅಂಗಳದ ಕಲ್ಲುಗೋಡೆಯ ಮೇಲೆ ಕೂತ.

ಅವನಿಲ್ಲದೆ ಹಾಡಿದರು. ಮತ್ತೆ ಅದೇ ಜಾಗ, ಮತ್ತೆ ಅದೇ ಅರ್ಧ ಸ್ವರ.

"ಈಗ ಯಾರನ್ನ ಕಳಿಸ್ತೀಯೋ?" ವಿರ್ವೆ ಕೇಳಿದಳು. "ಒಂದ್ಸಲ ನೀನೇ ಹೊರಗೆ ಹೋಗಿ ಬಾ, ನೋಡೋಣ."

ಹಿಲ್ಲರ್ ಮುಖ ಕೆಂಪಾಯಿತು. ಚರ್ಚಿನ ಬೀಗದ ಕೈ ಇಟ್ಟುಕೊಳ್ಳುವ ಮುದುಕಿ ಆಲ್ವಿನೆ, ಕಾಫಿಯ ಜೊತೆ ಕಪ್ಪು ಬ್ರೆಡ್ಡೂ ಹೊಗೆಯಾಡಿಸಿದ ಮೀನೂ ತಂದಿಡುತ್ತಿದ್ದಳು. ಅವಳಿಗೆ ನಗು ಬಂತು.

"ಪಾಪ, ಕಲ್ಯೋದೇನು ತಪ್ಪು? ಇಲ್ಲಿ ಯಾರು ಹಾಡಿದರೂ ಅಲ್ಲಿಗೇ ಬಂದು ನಿಲ್ಲತ್ತೆ. ನಮ್ಮಮ್ಮನ್ನ ಮಣ್ಣು ಮಾಡಿದ ದಿನವೂ ಹಂಗೇ ಆಯ್ತು. ಮಡಕೆ ಕರೀತಾವೆ ಅಂತಿದ್ರು ನಮ್ಮ ತಾತ."

"ಯಾವ ಮಡಕೆ?"

"ಇನ್ಯಾವುದು, ಸೂರಿನವು. ಕಟ್ಟಿದೋರು ಕಮಾನಿನೊಳಗೆ ಹೂತಿಟ್ಟು ಹೋಗಿದಾರೆ. ತಾತ ಮೇಲೆ ಹತ್ತಿ ಎಣಿಸಿದ್ರು, ಮೂವತ್ತೊಂದು."

ವಿರ್ವೆ ಟಾರ್ಚ್ ಹಿಡಿದು ಗೋಪುರದ ಕಿರಿದಾದ ಮೆಟ್ಟಿಲು ಹತ್ತಿದಳು. ಕಮಾನಿನ ಬೆನ್ನ ಮೇಲೆ ಏಳುನೂರು ವರ್ಷದ ಧೂಳು ಬಿದ್ದಿತ್ತು. ಅದರ ನಡುವೆ ಮಡಕೆಗಳ ದುಂಡು ತಳ ಒಂದೊಂದಾಗಿ ಕಂಡವು. ಬಾಯಿಗಳೆಲ್ಲ ಕೆಳಗೆ, ಹಾಡುವವರ ಕಡೆಗಿದ್ದವು. ಅವಳು ಮಂಡಿಯೂರಿ ಒಂದರ ಮೇಲೆ ಅಂಗೈ ಇಟ್ಟಳು. ಕೆಳಗೆ ಹಾಡು ಶುರುವಾಯಿತು. ಮಡಕೆ ತಣ್ಣಗೆ, ಸತ್ತ ಹಾಗೆ ಇತ್ತು. ಮೊದಲ ಚರಣವೂ ಮುಗಿಯಿತು. ಎರಡನೆಯದರ ಕೊನೆಗೆ ಶ್ರುತಿ ಜಾರಿತು ನೋಡಿ, ಅಂಗೈಯಡಿ ಮಣ್ಣು ನಡುಗತೊಡಗಿತು, ಮಲಗಿದ ಬೆಕ್ಕಿನ ಎದೆ ಗುರುಗುಟ್ಟಿದ ಹಾಗೆ. ಅವಳ ಮೈಯೆಲ್ಲ ಮುಳ್ಳೆದ್ದಿತು. ಹೆಸರೂ ಉಳಿಯದ ಯಾರೋ ಕಲ್ಲುಕುಟಿಗರು, ಯಾರೋ ಕುಂಬಾರರು, ಇನ್ನೂ ಹುಟ್ಟದ ಗಂಟಲುಗಳಿಗಾಗಿ ಇಲ್ಲೊಂದು ಸ್ವರ ಇಟ್ಟು ಹೋಗಿದ್ದರು.

ಕೆಳಗಿಳಿದವಳ ತಲೆ ತುಂಬ ಜೇಡರ ಬಲೆ.

"ಹಿಲ್ಲರ್, ಅರ್ಧ ಸ್ವರ ಕೆಳಗಿಂದಲೇ ಎತ್ತು. ಇಷ್ಟು ಓಡಬೇಡ. ಇಲ್ಲಿ ದನಿ ಆರೋಕೆ ಏಳು ಸೆಕೆಂಡು ಬೇಕು, ಸೂರು ಮಾತು ಮುಗಿಸೋಕೆ ಮುಂಚೆ ನೀನು ಬಾಯಿ ಹಾಕ್ತಿದೀಯ."

"ಬರೆದಿರೋದು ಡಿ ಅಂತ, ವಿರ್ವೆ."

"ಬರೆದೋನು ಈ ಸೂರಿನ ಕೆಳಗೆ ಕೂತು ಬರೆದಿಲ್ಲ. ನೀನೇ ಹತ್ತಿ ನೋಡು. ಅವರು ಹಾಡ್ತಿರಲಿ."

ಹಿಲ್ಲರ್ ಹತ್ತಿದ. ಇಳಿದು ಬಂದವನು ಯಾರ ಮುಖವನ್ನೂ ನೋಡದೆ ನೇರ ಅಂಗಳಕ್ಕೆ ಹೋದ. ತೆರೆದ ಬಾಗಿಲಿನಿಂದ ಅವನ ಮಾತು ಕೇಳಿಸಿತು. "ನಂದೇ ತಪ್ಪು, ಕಲ್ಯೋ. ನೀವು ಸರಿಯಾದ ಕಡೆಗೇ ಎಳೀತಿದ್ರಿ. ಒಳಗೆ ಬನ್ನಿ."

"ಮೀನು ಖಾಲಿ ಮಾಡಿಲ್ಲ ತಾನೇ?" ಅಂದ ಕಲ್ಯೋ.

ಹಿಲ್ಲರ್ ಶ್ರುತಿ ಕೊಡುವ ಉಕ್ಕಿನ ಕವೆಯನ್ನು ಮಂಡಿಗೆ ಬಡಿದು ಕಿವಿಗಿಟ್ಟುಕೊಂಡು, ಅರ್ಧ ಸ್ವರ ಇಳಿಸಿ ಗುನುಗಿದ. ಇಪ್ಪತ್ನಾಲ್ಕು ಜನ ನಿಧಾನವಾಗಿ ಎತ್ತಿಕೊಂಡರು. ಮೂರನೆಯ ಚರಣದಲ್ಲಿ ಕಲ್ಯೋ ತನ್ನ ಆಳದ ಸ್ವರಕ್ಕಿಳಿದಾಗ ಗಾಳಿಯೇ ದಪ್ಪಗಾದಂತಾಯಿತು. ಹಾಡುತ್ತಿದ್ದವರು ಹಾಡುತ್ತಲೇ ಕತ್ತೆತ್ತಿ ಮೇಲೆ ನೋಡಿದರು. ಮುಂದಿನ ಸಾಲಿನಲ್ಲಿ ಹಾಡುತ್ತಿದ್ದ ನರ್ಸ್ ಒಬ್ಬಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. ಶ್ರುತಿ ಕೊನೆಯವರೆಗೂ ಕದಲಲಿಲ್ಲ. ಮುಗಿದ ಮೇಲೂ ಸೂರು ಹಾಡುತ್ತಲೇ ಇತ್ತು. ಯಾರೂ ಕೆಮ್ಮಲಿಲ್ಲ, ಕಾಲು ಬದಲಿಸಲಿಲ್ಲ.

"ಇನ್ನೊಂದ್ಸಲ ಬೇಡ," ಅಂದಳು ವಿರ್ವೆ.

ತಾರ್ತು ಪಟ್ಟಣದ ತನ್ನ ಸ್ಟುಡಿಯೋಗೆ ಹೋಗಿ ಮಿಕ್ಸಿಂಗಿಗೆ ಕೂತಾಗ ಅವಳ ಮುಂದೆ ಹದಿನಾಲ್ಕು ಮೈಕುಗಳ ದನಿಯಿತ್ತು. ಹತ್ತಿರದ ಮೈಕುಗಳಲ್ಲಿ ಉಸಿರು, ತುಟಿ, ಹಾಳೆಯ ಸರಪರ, ಎಲ್ಲವೂ ಚೊಕ್ಕವಾಗಿದ್ದವು. ಆದರೆ ಆ ಸೂರು ಅವುಗಳಲ್ಲಿ ಇರಲಿಲ್ಲ. ಒಂದೊಂದನ್ನೇ ಮುಚ್ಚುತ್ತ ಬಂದಳು. ಕೊನೆಗೆ ನಡು ಕಮಾನಿನ ಕೆಳಗೆ ತೂಗಿಬಿಟ್ಟಿದ್ದ ಎರಡು ಮಾತ್ರ ಉಳಿದವು. ಮನುಷ್ಯರ ಸ್ವರ ಮೊದಲು ಬಂತು, ಅದರ ಬೆನ್ನಿಗೆ ಮಣ್ಣಿನದು. ಅವಳು ಕೈಕಟ್ಟಿ ಕೂತಳು. ಅದಕ್ಕೆ ಏನನ್ನೂ ಸೇರಿಸಲಿಲ್ಲ, ಏನನ್ನೂ ತೆಗೆಯಲಿಲ್ಲ.

ಮೊದಲ ಪ್ರತಿಯನ್ನು ತಾನೇ ಒಯ್ದು ಕಲ್ಯೋನ ಅಡುಗೆಮನೆಯಲ್ಲಿ ಹಾಕಿ ಕೇಳಿಸಿದಳು. ಅವನು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ.

"ಆ ಮೂರನೇ ಚರಣದಲ್ಲಿ ನಾನು ಯಾವುದು, ಮಡಕೆ ಯಾವುದು?"

ವಿರ್ವೆ ಮತ್ತೆ ಹಾಕಿದಳು. ಮೂವತ್ತು ವರ್ಷ ಪಳಗಿದ ಕಿವಿಗೊಟ್ಟು ಮುಂದಕ್ಕೆ ಬಾಗಿ ಕೇಳಿದಳು.

"ನಂಗೂ ಗೊತ್ತಾಗ್ತಿಲ್ಲ, ಕಲ್ಯೋ."

ಮುದುಕ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮಗುವಿನ ಹಾಗೆ ಕೇಳಿದ: "ಇನ್ನೊಂದ್ಸಲ ಹಾಕ್ತೀಯಾ?"