ಮೋರಿಗೆ ಬಿದ್ದ ಹಲ್ಲು

ಮಗಳು ವತ್ಸಲಾಳ ಹಾಲುಹಲ್ಲನ್ನು ಅಂಜಿನಮ್ಮ ಮೋರಿಗೆ ಹಾಕಿದ್ದು ನಿಜ. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿದ್ದಳು. ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮನೆಯ ಮೇಲೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆ ಎಂಬುದು ಅವಳ ಅತ್ತೆಯ ಊರು ಮಾಕಳಿಯಲ್ಲಿ ಎಳೆಕೂಸಿಗೂ ಗೊತ್ತು. ಆದರೆ ಪೀಣ್ಯದ ಬಾಡಿಗೆ ಮನೆಯಲ್ಲಿ ಎಸೆಯುವುದಾದರೂ ಎಲ್ಲಿಗೆ? ಇವರ ತಲೆಯ ಮೇಲೆ ಮಾಲೀಕರ ಮನೆ, ಅದರ ಮೇಲೆ ತಾರಸಿ, ತಾರಸಿಯ ಬಾಗಿಲಿಗೆ ಮಾಲೀಕರ ಹೆಂಡತಿ ಹಾಕಿದ ಬೀಗ. ಗಂಡ ರಾಮಾಂಜಿನಪ್ಪ ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಹೊರಟು ನಿಂತಿದ್ದ, ಒಲೆಯ ಮೇಲೆ ಮುದ್ದೆಯ ಎಸರು ಉಕ್ಕುತ್ತಿತ್ತು. ಆ ಗಡಿಬಿಡಿಯಲ್ಲಿ, ಮಗಳು ಅಂಗೈಯಲ್ಲಿ ಹಿಡಿದು ತಂದ ಕೋರೆಹಲ್ಲನ್ನು ಬಚ್ಚಲ ಮೋರಿಗೆ ಹಾಕಿ ಒಂದು ಚೊಂಬು ನೀರು ಸುರಿದಿದ್ದಳು.

ರಜೆಯಲ್ಲಿ ಮಾಕಳಿಯ ಹಂಚಿನ ಮೇಲೆ ಎಸೆದಿದ್ದ ಹಲ್ಲುಗಳ ಜಾಗದಲ್ಲೆಲ್ಲ ಹೊಸವು ಬಂದವು. ಮೋರಿಗೆ ಹೋದದ್ದರ ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು. ಅತ್ತೆ ಈಶ್ವರಮ್ಮನಿಗೆ ಇನ್ನೇನು ಬೇಕು? ಮಾಕಳಿಯಿಂದ ಅವರೆಕಾಯಿ ಹೊತ್ತು ಬಂದಾಗಲೆಲ್ಲ ಚೀಲ ಇಳಿಸುವ ಮೊದಲೇ ಮೊಮ್ಮಗಳ ಬಾಯಿ ತೆರೆಸಿ ನೋಡುವಳು. ನೋಡಿ, ಸೊಸೆಯ ಕಡೆ ತಿರುಗಿ, ಮೋರಿಗೆ ಹಾಕಿದರೆ ಮೋರಿಯಲ್ಲೇ ಹುಟ್ಟುತ್ತದೆ, ಅಲ್ಲಿ ಹೋಗಿ ನೋಡು ಎನ್ನುವಳು. ಆಕೆಯ ಬಾಯಿಗೆ ಹತ್ತಿದ ಮಾತು ಸುಲಭಕ್ಕೆ ಬಿಡುವುದಿಲ್ಲ. ಅಂಜಿನಮ್ಮ ಮೊದಮೊದಲು ನಕ್ಕಳು, ಆಮೇಲೆ ಸಿಡುಕಿದಳು, ಕೊನೆಗೆ ತಾನೂ ನಂಬಿಬಿಟ್ಟಳು.

ವತ್ಸಲಾ ಏಳನೇ ಕ್ಲಾಸಿಗೆ ಬಂದ ವರ್ಷ ಆ ಖಾಲಿ ಜಾಗದ ಮೇಲೆ, ಮೂಗಿನ ಪಕ್ಕದಲ್ಲಿ, ಗಟ್ಟಿಯಾಗಿ ಊದಿಕೊಂಡಿತು. ನೋವಿರಲಿಲ್ಲ. ಪೀಣ್ಯದ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಒಳಗೆ ಗಡ್ಡೆ ಇದ್ದ ಹಾಗಿದೆ, ಸಿಟಿಯ ಹಲ್ಲಿನ ಆಸ್ಪತ್ರೆಗೆ ತೋರಿಸಿ ಎಂದರು. ಗಡ್ಡೆ ಎಂದ ಮೇಲೆ ಅವರು ಏನು ಹೇಳಿದರೋ ಅಂಜಿನಮ್ಮನಿಗೆ ಕೇಳಿಸಲಿಲ್ಲ. ಮಾಕಳಿಯ ಚಿಕ್ಕಬೈರಪ್ಪನಿಗೆ ದವಡೆಯಲ್ಲಿ ಗಡ್ಡೆ ಎದ್ದು, ಮುಂದಿನ ಸುಗ್ಗಿಯ ಹೊತ್ತಿಗೆ ಮನುಷ್ಯನೇ ಇರಲಿಲ್ಲ. ಆತ ದಿನವಿಡೀ ಹೊಗೆಸೊಪ್ಪು ಅಗಿಯುತ್ತಿದ್ದವನು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ತಾಯಿಯಾದವಳಿಗೆ ಅಂಥ ಹೊತ್ತಿನಲ್ಲಿ ಬುದ್ಧಿ ಓಡುವುದು ಒಂದೇ ದಿಕ್ಕಿಗೆ.

ಸಿಟಿಯಲ್ಲಿ ಡಾಕ್ಟರ್ ಕೃಷ್ಣಸ್ವಾಮಿ ಎಕ್ಸ್‌ರೇ ತೆಗೆಸಿ, ಕೆಟ್ಟದ್ದಿರಲಾರದು, ಆದರೂ ತೆಗೆದು ನೋಡಿಯೇ ಹೇಳುತ್ತೇನೆ ಎಂದರು. ವತ್ಸಲಾಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ಅತ್ತೆ ಸೊಸೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಈಶ್ವರಮ್ಮ ಮೋರಿಯ ಮಾತೇ ಎತ್ತಲಿಲ್ಲ. ಅದೇ ಅಂಜಿನಮ್ಮನನ್ನು ಹೆದರಿಸಿತು. ಬೈಯುವ ಬಾಯಿ ಸುಮ್ಮನಾಗಿದೆ ಎಂದರೆ ಅತ್ತೆಗೂ ಚಿಕ್ಕಬೈರಪ್ಪನ ನೆನಪೇ ಬಂದಿದೆ ಎಂದುಕೊಂಡಳು.

ಡಾಕ್ಟರು ಕೈಯಲ್ಲೊಂದು ಸ್ಟೀಲ್ ಬಟ್ಟಲು ಹಿಡಿದು ಹೊರಗೆ ಬಂದರು. ಅದರಲ್ಲಿ ನುಚ್ಚಕ್ಕಿಯಂಥ ಬಿಳಿಯ ಚೂರುಗಳು. ಬಗ್ಗಿ ನೋಡಿದರೆ ಎಲ್ಲವೂ ಹಲ್ಲುಗಳು! ಕೆಲವಕ್ಕೆ ಬೇರೂ ಇತ್ತು.

"ಇದೇ ಕಣಮ್ಮ ಗಡ್ಡೆ. ಕ್ಯಾನ್ಸರ್ ಅಲ್ಲ, ಏನೂ ಅಲ್ಲ. ಬರೀ ಹಲ್ಲು."

ಒಂದು ಹಲ್ಲು ಬರಬೇಕಾದ ಜಾಗದಲ್ಲಿ ಬೆಳವಣಿಗೆ ದಾರಿ ತಪ್ಪಿ ಹಿಡಿಗಟ್ಟಲೆ ಚಿಕ್ಕ ಹಲ್ಲು ಹುಟ್ಟಿವೆ, ಇದು ಅಪರೂಪ, ಆದರೆ ಅಪಾಯವಿಲ್ಲ ಎಂದು ಬಿಡಿಸಿ ಹೇಳಿದರು. ನಿಜವಾದ ಕೋರೆಹಲ್ಲು ಇವುಗಳ ಹಿಂದೆ ಸಿಕ್ಕಿಕೊಂಡಿದೆ, ಇನ್ನು ನಿಧಾನವಾಗಿ ಇಳಿದು ಬಂದೀತು. ಅಂಜಿನಮ್ಮ ಸೆರಗಿನ ತುದಿ ತಿರುಚುತ್ತ, ಹಾಲುಹಲ್ಲನ್ನು ಮೋರಿಗೆ ಹಾಕಿದ್ದಕ್ಕೆ ಹೀಗಾಯಿತೇ ಎಂದು ಕೇಳಿಯೇಬಿಟ್ಟಳು. ಡಾಕ್ಟರು ನಗಲಿಲ್ಲ.

"ಆ ಹಲ್ಲು ಬೀಳೋಕೆ ಮುಂಚೇನೇ ಇದು ಒಳಗೆ ಶುರುವಾಗಿತ್ತಮ್ಮ. ನಿಮ್ಮದೇನೂ ತಪ್ಪಿಲ್ಲ."

ಅಂಜಿನಮ್ಮ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷದ ಭಾರ ಇಳಿದು ಮೈ ಹಗುರವಾಗಿತ್ತು. ಈಶ್ವರಮ್ಮ ಕೇಳಿಸದವಳಂತೆ ಗೋಡೆ ನೋಡುತ್ತಿದ್ದಳು. ಆಮೇಲೆ ಡಾಕ್ಟರನ್ನು ಕೇಳಿ ಆ ಹಲ್ಲುಗಳಲ್ಲಿ ಒಂದಷ್ಟನ್ನು ಹತ್ತಿಯಲ್ಲಿ ಸುತ್ತಿಸಿಕೊಂಡು ಎಲೆಯಡಿಕೆ ಚೀಲದೊಳಗೆ ತುರುಕಿಕೊಂಡಳು.

ಹೊಲಿಗೆ ಬಿಚ್ಚಿಸಿಕೊಂಡ ದಿನ ಎಲ್ಲರೂ ಮಾಕಳಿಗೆ ಹೋದರು. ಈ ಸಲವಾದರೂ ಕೆಲಸ ಸರಿಯಾಗಿ ಆಗಲಿ ಎಂದು ಈಶ್ವರಮ್ಮ ಕೊಟ್ಟಿಗೆಯಿಂದ ಸಗಣಿ ತಂದು, ಹತ್ತಿ ಬಿಚ್ಚಿ ಹಲ್ಲುಗಳನ್ನೆಲ್ಲ ಒಂದೇ ಉಂಡೆಗೆ ಒತ್ತಿ, ಅಂಗಳದಲ್ಲಿ ನಿಂತು ಹಂಚಿನ ಕಡೆಗೆ ಕೈ ಎತ್ತಿದಳು.

ಅಂಜಿನಮ್ಮನಿಗೆ ಏನೋ ಹೊಳೆಯಿತು.

"ಅತ್ತೆ, ಒಂದ್ ಹಲ್ಲು ಎಸೆದ್ರೆ ಒಂದ್ ಬತ್ತದೆ ಅಂತೀರಲ್ಲ. ಇಷ್ಟೂ ಎಸೆದ್ರೆ?"

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಈಶ್ವರಮ್ಮ ಹಂಚನ್ನು ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಕೈ ಇಳಿಸಿದಳು. ಉಂಡೆಯನ್ನು ಮುತ್ತುಗದೆಲೆಯಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟಳು.

"ಪೀಣ್ಯಕ್ಕೆ ತಗೊಂಡೋಗಿ ನಿನ್ ಮೋರಿಗೇ ಆಕು. ಅಲ್ಲಿಗೋದ ಅಲ್ಲು ತಿರುಗಿ ಬರಲ್ಲ. ನೀರು ಜೋರಾಗಿ ಸುರಿ."

ಸಂಜೆ ಮನೆಗೆ ಬಂದವಳೇ ಅಂಜಿನಮ್ಮ ಸೀದಾ ಬಚ್ಚಲಿಗೆ ಹೋದಳು. ಎಲೆ ಬಿಚ್ಚಿ ಉಂಡೆಯನ್ನು ಮೋರಿಗೆ ಹಾಕಿ ಒಂದು ಚೊಂಬು ನೀರು ಸುರಿದಳು. ಅತ್ತೆಯ ಮಾತು ನೆನೆದು ನಕ್ಕು, ಇನ್ನೊಂದು ಚೊಂಬು ಸುರಿದಳು.