ಬೆಳಗಿನ ಮಾತ್ರೆ

ಬೊನಿಫಾಸನಿಗೆ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿಸುವುದೆಂದರೆ ಸಾಮಾನ್ಯದ ಕೆಲಸವೇ? ಹೆಂಡತಿ ಲಿಡಿಯಾ ಇಪ್ಪತ್ತೆರಡು ವರ್ಷ ಬೈದು, ಗೋಗರೆದು, ಒಂದು ದಿನವೂ ತಪ್ಪದೆ ನುಂಗಿಸಿದ್ದಳು. ಈಗ ಫಳ್ನೀರಿನ ಆಸ್ಪತ್ರೆಯಲ್ಲಿ, ಆಪರೇಷನ್ ಆದ ನಾಲ್ಕನೇ ದಿನ, ಯಂತ್ರ ನೂರ ಐವತ್ತೈದು ತೋರಿಸುತ್ತಿದೆ, ಮಾತ್ರೆಯ ಸುದ್ದಿಯೇ ಇಲ್ಲ! ಆಸ್ಪತ್ರೆಯವರಿಗೆ ಮರೆತೇಹೋಗಿದೆ ಎಂದುಕೊಂಡಳು. ನರ್ಸ್ ಪ್ರಾಪ್ತಿ ಅತ್ತ ಹೋದದ್ದೇ ತಡ, ಪರ್ಸಿನಿಂದ ಮಾತ್ರೆ ತೆಗೆದು ಗಂಡನ ಬಾಯಿಗೆ ಹಾಕಿದಳು. ಅವನು ಅವಳ ಮುಖ ನೋಡಿ ಸುಮ್ಮನೆ ನುಂಗಿದ.

ಎರಡು ಗಂಟೆಯೊಳಗೆ ಪ್ರೆಶರ್ ತೊಂಬತ್ತೈದಕ್ಕೆ ಇಳಿಯಿತು.

"ಅಂಕಲ್, ಕಾಲಿನ ಹೆಬ್ಬೆರಳು ಆಡಿಸಿ" ಎಂದಳು ಪ್ರಾಪ್ತಿ.

"ಮುಟ್ಟಿದ್ದು ಗೊತ್ತಾಗ್ತದೆ ಸಿಸ್ಟರ್. ಆಡಿಸ್ಲಿಕ್ಕೆ ಆಗುದಿಲ್ಲ."

ಡಾಕ್ಟರ್ ಹಾಶಿಂ ಓಡಿ ಬಂದರು. "ಒಳಗೆ ಎಲ್ಲಾದ್ರೂ ರಕ್ತ ಸೋರ್ತಾ ಉಂಟಾ? ಸ್ಕ್ಯಾನಿಗೆ ತಯಾರು ಮಾಡಿ."

"ಎಂತ ಆಯ್ತು?" ಲಿಡಿಯಾ ಪ್ರಾಪ್ತಿಯ ತೋಳು ಹಿಡಿದಳು.

"ಹೃದಯದಿಂದ ಇಳಿಯುವ ದೊಡ್ಡ ರಕ್ತನಾಳ, ಮಹಾಪಧಮನಿ, ಅದನ್ನು ರಿಪೇರಿ ಮಾಡುವಾಗ ಬೆನ್ನುಹುರಿಯ ಕೆಳಭಾಗಕ್ಕೆ ರಕ್ತ ಕೊಡುವ ದೊಡ್ಡ ಕವಲು ಮುಚ್ಚಿಹೋಗಿದೆ ಆಂಟಿ. ಈಗ ಸಣ್ಣ ಸಣ್ಣ ನಾಳಗಳೇ ಗತಿ. ಪ್ರೆಶರ್ ಇಲ್ಲದಿದ್ರೆ ಆರನೇ ಮಾಳಿಗೆಗೆ ನೀರು ಏರ್ತದಾ? ಹಾಗೆಯೇ ಇದು. ಅದಕ್ಕೇ ಅಲ್ವಾ ಬಿ.ಪಿ. ಮಾತ್ರೆ ನಿಲ್ಲಿಸಿದ್ದು."

ಗಂಡನ ಕಾಲು ತೆಗೆದವಳು ಎಂದು ಇಗರ್ಜಿಯಲ್ಲಿ ಎಲ್ಲರೂ ಆಡಿಕೊಳ್ಳುವುದು ಲಿಡಿಯಾಳ ಕಿವಿಗೆ ಕೇಳಿಸಿದಂತಾಯಿತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಅವನ ಕಾಲು. ಹಾಳಾದ ಮಾನ, ಕಟ್ಟಿಕೊಂಡು ಏನು ಮಾಡುವುದು!

"ಡಾಕ್ಟ್ರೇ, ರಕ್ತ ಸೋರಿದ್ದಲ್ಲ. ನಾನೇ ಮಾತ್ರೆ ಕೊಟ್ಟೆ."

ಹಾಶಿಂ ಹಲ್ಲು ಕಚ್ಚಿದರು, ಆದರೆ ಬೈಯಲಿಲ್ಲ. "ಯಾವ ಮಾತ್ರೆ? ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿ, ಸ್ಕ್ಯಾನ್ ಬಿಟ್ಟು, ಪ್ರೆಶರ್ ಏರಿಸುವ ಮದ್ದನ್ನು ಡ್ರಿಪ್ಪಿಗೆ ಹಾಕಿಸಿದರು. ಅಂಕಿ ಏರತೊಡಗಿತು. ನೂರ ನಲವತ್ತು ದಾಟಿ ಸುಮಾರು ಹೊತ್ತಾದ ಮೇಲೆ ಎಡಗಾಲಿನ ಹೆಬ್ಬೆರಳು ಚೂರು ಅಲುಗಿತು. ಆಮೇಲೆ ಬಲಗಾಲಿನದ್ದೂ ಅಲುಗಿತು.

ಎಲ್ಲರೂ ಹೋದ ಮೇಲೆ ಲಿಡಿಯಾ, "ಬೈ ನನ್ನನ್ನು, ಬೊನಿ" ಎಂದಳು.

"ನಿನ್ನನ್ನು ಎಂತ ಬೈಯುದು ಮಾರಾಯ್ತಿ? ಮಾತ್ರೆ ನಿಲ್ಲಿಸಿದ್ದೇವೆ ಅಂತ ಡಾಕ್ಟ್ರು ನಿನ್ನೆಯೇ ನನ್ನ ಹತ್ರ ಹೇಳಿದ್ರು."

"ಮತ್ತೆ ಯಾಕೆ ನುಂಗಿದ್ದು?"

"ನಾಲ್ಕು ದಿನದಿಂದ ಹೆದರಿ ಹೆದರಿ ನಿನ್ನ ಮುಖದಲ್ಲಿ ರಕ್ತ ಇರ್ಲಿಲ್ಲ. ಮಾತ್ರೆ ಕೈಗೆ ತಕೊಂಡಾಗ ಸ್ವಲ್ಪ ಜೀವ ಬಂತು. ಬೇಡ ಅನ್ಲಿಕ್ಕೆ ಮನಸ್ಸಾಗ್ಲಿಲ್ಲ."

ಇಪ್ಪತ್ತೆರಡು ವರ್ಷ ಕಾಡಿಸಿ ನುಂಗಿದವನು, ನುಂಗಬಾರದ ದಿನ ಒಂದು ಮಾತಿಲ್ಲದೆ ನುಂಗಿದ್ದ.

"ಪೆದ್ದ! ಶುದ್ಧ ಪೆದ್ದ!" ಎಂದು ಬೈಯುತ್ತಲೇ ಲಿಡಿಯಾ ಅವನ ಎರಡೂ ಪಾದಗಳನ್ನು ಎದೆಗವಚಿಕೊಂಡು ಅತ್ತಳು.