ಹೊಳೆ ದಾಟಿದ ಚುಕ್ಕೆ

ಭತ್ತ ಹಾಲುಗಟ್ಟುವ ಹೊತ್ತಿಗೆ, ಕಬಿನಿ ಹೊಳೆಯ ಕೇರಳದ ದಡದಲ್ಲಿರುವ ಮರಕ್ಕಡವಿಗೆ ಗಿಳಿಗಳ ಹಿಂಡು ಬಂದಿಳಿಯುತ್ತದೆ. ಅವಕ್ಕೆ ಯಾರೂ ಹೇಳಿ ಕಳಿಸಬೇಕಾಗಿಲ್ಲ. ಸರೋಜಮ್ಮ ಗದ್ದೆಯ ಅಂಚಿಗೆ ಬಲೆ ಕಟ್ಟಿದ್ದಳು. ಬಲೆಗೆ ಸಿಕ್ಕ ಗಿಳಿಯನ್ನು ಕೂಡಲೇ ಬಿಡಿಸುವ ಪದ್ಧತಿ ಆ ಮನೆಯಲ್ಲಿ ಮಾವನ ಕಾಲದಿಂದಲೂ ಇರಲಿಲ್ಲ. ಒಂದು ಕಿರುಚುತ್ತಿದ್ದರೆ ಉಳಿದವು ಹತ್ತಿರ ಸುಳಿಯುವುದಿಲ್ಲ. ಬಿಸಿಲೇರಿದ ಮೇಲೆ ಹೋಗಿ ಬಿಡಿಸಿ ಹಾರಿಸಿಬಿಟ್ಟರಾಯಿತು.

ಅವತ್ತೂ ಬೆಳ್ಳಂಬೆಳಿಗ್ಗೆ ಗದ್ದೆಯ ಕಡೆಯಿಂದ ಕಿರುಚಾಟ ಕೇಳಿಸಿತು. ಒಲೆಗೆ ಕಟ್ಟಿಗೆ ತುರುಕುತ್ತಿದ್ದ ಸರೋಜಮ್ಮ, 'ಕಿರುಚಲಿ, ಕಳ್ಳ ಮುಂಡೇದು' ಎಂದುಕೊಂಡು ಕಾಫಿ ಕುಡಿದಳು. ಮತ್ತೊಂದು ಲೋಟ ಬಗ್ಗಿಸಿಕೊಂಡು ಅದನ್ನೂ ಕುಡಿದಳು.

ಗದ್ದೆಗೆ ಹೋಗಿ ನೋಡಿದರೆ ಬಲೆಯಲ್ಲಿ ನೇತಾಡುತ್ತಿದ್ದದ್ದು ಹಸಿರು ಗಿಳಿಯಲ್ಲ. ಬೂದು ಮೈ, ಕೆಂಪು ಬಾಲ. ವಾರಗಿತ್ತಿ ಲತಾಮಣಿ ಸಾಕಿದ ಗಿಳಿ ಚಿನ್ನಪ್ಪ. ಸತ್ತು ತಣ್ಣಗಾಗಿತ್ತು.

ಲತಾಮಣಿ ಸರೋಜಮ್ಮನ ಮೈದುನ ವಿನೋದನ ಹೆಂಡತಿ. ಎರಡು ಮನೆಗೂ ಒಂದೇ ಅಂಗಳ. ಅವಳು ರವಿಕೆ ಹೊಲಿಯಲು ಕೂತರೆ ಚಿನ್ನಪ್ಪ ಮೆಷಿನ್ನಿನ ಮೇಲೆ ಕೂತು ದಾರದ ಉಂಡೆಗಳನ್ನು ಒಂದೊಂದಾಗಿ ಕೆಳಕ್ಕೆ ಉರುಳಿಸುತ್ತಿತ್ತು. ಬೈದರೆ ಮತ್ತೊಂದು ಉರುಳಿಸುತ್ತಿತ್ತು. ಹೋದ ವರ್ಷ ಒಮ್ಮೆ ಹಾರಿಹೋಗಿ, ಊರೆಲ್ಲ ಹುಡುಕಿಸಿ, ಯಾರದೋ ತೆಂಗಿನ ಮರದಲ್ಲಿ ಸಿಕ್ಕಿತ್ತು. ಆಮೇಲೆ ಲತಾಮಣಿ ರವಿಕೆಯ ಗುಂಡಿಯಷ್ಟು ಹಗುರಾದ ಒಂದು ಟ್ರ್ಯಾಕರ್ ತರಿಸಿದಳು. ತಾನೇ ಮೆತ್ತನೆಯ ಪಟ್ಟಿ ಹೊಲಿದು ಅದನ್ನು ಗಿಳಿಯ ಬೆನ್ನಿಗೆ ಕಟ್ಟಿದಳು. ಗಿಳಿ ಎಲ್ಲಿದ್ದರೂ ಅವಳ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆಯೊಂದು ತೋರಿಸುತ್ತಿತ್ತು. ಈಗ ಬಲೆಯ ದಾರ ಸುತ್ತಿಕೊಂಡದ್ದು ಆ ಪಟ್ಟಿಗೇ. ಪಟ್ಟಿಯಿಲ್ಲದಿದ್ದರೆ ಬಿಡಿಸಿಕೊಂಡು ಹೋಗುತ್ತಿತ್ತೇನೋ.

ಸರೋಜಮ್ಮ ಪಟ್ಟಿ ಬಿಚ್ಚಿ ಟ್ರ್ಯಾಕರ್ ತೆಗೆದಳು. ಅತ್ತ ಇತ್ತ ನೋಡಿ, ಬದುವಿನ ಪಕ್ಕ ಗುಂಡಿ ತೋಡಿ ಚಿನ್ನಪ್ಪನನ್ನು ಹೂತಳು. ಟ್ರ್ಯಾಕರನ್ನು ಮಾತ್ರ ಹೂಳಲು ಧೈರ್ಯವಾಗಲಿಲ್ಲ. ಅದು ಮಣ್ಣಿನೊಳಗಿಂದಲೂ ಜಾಗ ತೋರಿಸಿಕೊಟ್ಟರೆ? ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಅಂಗಳದಲ್ಲಿ ಲತಾಮಣಿ ಫೋನ್ ಹಿಡಿದು ಹಲಸಿನ ಮರದ ಕೊಂಬೆಗಳನ್ನು ಹುಡುಕುತ್ತ ನಿಂತಿದ್ದಳು.

"ಅಕ್ಕಾ, ಚಿನ್ನಪ್ಪ ಕಿಟಕಿಯಿಂದ ಹೋಗ್ಬಿಟ್ಟಿದ್ದಾನೆ. ಆದ್ರೆ ದೂರ ಹೋಗಿಲ್ಲ ನೋಡಿ, ಚುಕ್ಕೆ ಇಲ್ಲೇ ಉಂಟು. ನಿಮ್ಮ ತಲೆ ಮೇಲೇ ಎಲ್ಲೋ ಕೂತಿದ್ದಾನೆ."

"ಇರ್ಬೋದು ಕಣೇ," ಎಂದಳು ಸರೋಜಮ್ಮ. ಸೆರಗಿನ ಗಂಟು ಮುಷ್ಟಿಯಲ್ಲಿತ್ತು. ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಬದಲಿಗೆ ಅವಳೂ ಕತ್ತೆತ್ತಿ, "ಚಿನ್ನಪ್ಪಾ, ಬಾರೋ" ಎಂದು ಮರಕ್ಕೆ ಕೂಗಿದಳು. ಕೂಗಿದ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನ್ನಿಸಿತು.

ಸಂಜೆಯ ತನಕ ಅವಳಿಗೆ ಅನ್ನ ಇಳಿಯಲಿಲ್ಲ. ಟ್ರ್ಯಾಕರನ್ನು ಕಬಿನಿಗೆ ಎಸೆಯೋಣವೆಂದರೆ, ಚುಕ್ಕೆ ಹೊಳೆಯ ನಡುವೆ ಆರಿಹೋದರೆ ಗಿಳಿ ಮುಳುಗಿ ಸತ್ತಿತೆಂದು ಲತಾಮಣಿ ಎದೆ ಬಡಿದುಕೊಳ್ಳುತ್ತಾಳೆ. ಆಚೆ ದಡ ಕರ್ನಾಟಕ, ಅಲ್ಲಿಂದಾಚೆ ಬರೀ ಕಾಡು. ಚುಕ್ಕೆ ಕಾಡಿನ ಕಡೆ ಹೋಯಿತೆಂದರೆ, ಎಲ್ಲೋ ಬದುಕಿದೆ ಎಂಬ ಸಮಾಧಾನವಾದರೂ ಅವಳಿಗೆ ಉಳಿದೀತು. ತಪ್ಪು ಮಾಡಿದವರಿಗೆ ಇಂಥ ಬುದ್ಧಿ ಬಹಳ ಬೇಗ ಹೊಳೆಯುತ್ತದೆ.

ಗದ್ದೆ ಕೆಲಸಕ್ಕೆ ಬರುತ್ತಿದ್ದ ಮಾತಿ ಆಚೆ ದಡದ ಕಾಡಂಚಿನ ಆದಿವಾಸಿ ಹಾಡಿಯವಳು. ಸಂಜೆ ಹೊಳೆ ದಾಟಲು ತೋಣಿ ಹತ್ತುವ ಮೊದಲು ಅವಳಿಗೆ ಸರೋಜಮ್ಮ ಒಂದು ಚೀಲ ಕಪ್ಪ ಎನ್ನುವ ಮರಗೆಣಸು ಕಟ್ಟಿಕೊಟ್ಟಳು. ಟ್ರ್ಯಾಕರ್ ಚೀಲದ ತಳದಲ್ಲಿತ್ತು.

"ಇಷ್ಟು ಯಾಕಮ್ಮ? ಮಕ್ಕ ಖುಷಿಪಡ್ತವೆ," ಎಂದು ಮಾತಿ ನಗುತ್ತಾ ಹೋದಳು.

ದೀಪ ಹಚ್ಚುವ ಹೊತ್ತಿಗೆ ಲತಾಮಣಿ ಓಡಿ ಬಂದಳು. "ಅಕ್ಕಾ, ಹೊಳೆ ದಾಟಿದ್ದಾನೆ! ಚುಕ್ಕೆ ಆಚೆ ಉಂಟು. ಬದುಕಿದ್ದಾನಕ್ಕಾ." ಸರೋಜಮ್ಮನನ್ನು ತಬ್ಬಿಕೊಂಡು ಅತ್ತಳು. ಸರೋಜಮ್ಮ ಅವಳ ಬೆನ್ನು ಸವರಿದಳು.

ಬೆಳಗಾದರೂ ಚುಕ್ಕೆ ಕದಲಿರಲಿಲ್ಲ. ಲತಾಮಣಿ ಗಂಡನನ್ನು ಎಬ್ಬಿಸಿ, ಬೇಡವೆಂದರೂ ಬಿಡದೆ ಸರೋಜಮ್ಮನನ್ನೂ ತೋಣಿಗೆ ಹತ್ತಿಸಿದಳು. ಚುಕ್ಕೆ ತೋರಿಸಿದತ್ತ ನಡೆದರು. ಕಾಡಿನೊಳಗಲ್ಲ, ಹಾಡಿಯೊಳಕ್ಕೆ. ಯಾವ ಮರದ ಬುಡಕ್ಕೂ ಅಲ್ಲ, ಮಾತಿಯ ಬಾಗಿಲಿಗೆ. ಚುಕ್ಕೆ ಒಬ್ಬರ ಮನೆಯನ್ನು ಬೊಟ್ಟು ಮಾಡಿ ತೋರಿಸೀತೆಂದು ಸರೋಜಮ್ಮನಿಗೆ ಹೊಳೆದೇ ಇರಲಿಲ್ಲ.

"ನೀನಾ ಮಾತಿ?" ಎಂದಳು ಲತಾಮಣಿ. "ನಮ್ಮ ಅಂಗಳದಲ್ಲಿ ಉಂಡು ಹೋಗ್ತಿಯಲ್ಲ. ಎಲ್ಲಿಟ್ಟಿದ್ದೀಯ ಅವನ್ನ?"

"ಗಿಳಿಯಾ? ನಾ ಕಂಡಿಲ್ಲಮ್ಮ."

ವಿನೋದ ಸೀದಾ ಒಳಗೆ ನುಗ್ಗಿ ಮಡಕೆ, ಚಾಪೆ, ಬಟ್ಟೆಗಂಟುಗಳನ್ನು ಎಳೆದಾಡಿದ. ಮಾತಿಯ ಮಕ್ಕಳು ಅಳತೊಡಗಿದವು. ಕಪ್ಪದ ಚೀಲ ಕೊಡವಿದಾಗ ಟ್ರ್ಯಾಕರ್ ಟಪ್ಪೆಂದು ನೆಲಕ್ಕೆ ಬಿತ್ತು.

"ಪೊಲೀಸಿಗೆ ಹೇಳಿದ್ರೆ ಬಾಯಿ ಬಿಡ್ತಾಳೆ," ಎಂದು ವಿನೋದ ಫೋನ್ ತೆಗೆದ.

ಮಾತಿ ಹೆದರಿ ಸರೋಜಮ್ಮನ ಕಡೆ ತಿರುಗಿದಳು. "ಅಮ್ಮ, ಚೀಲ ನೀವೇ ಕಟ್ಟಿದ್ದಲ್ವ? ನಾ ಏನೂ ತಕ್ಕಂಡಿಲ್ಲ ಅಂತ ನೀವಾರ ಹೇಳಿ." ಅನುಮಾನದ ಸುಳಿವೇ ಇರಲಿಲ್ಲ ಅವಳ ಮಾತಿನಲ್ಲಿ. ಸಾಕ್ಷಿ ಹೇಳಲು ಕರೆದಿದ್ದಳು, ಅಷ್ಟೇ.

"ಫೋನ್ ಇಡು ವಿನೋದ. ನಾನೇ ಚೀಲದೊಳಗೆ ಹಾಕಿದ್ದು," ಎಂದಳು ಸರೋಜಮ್ಮ. "ಚಿನ್ನಪ್ಪ ನಮ್ಮ ಬಲೆಗೆ ಸಿಕ್ಕಿ ಸತ್ತ. ಗದ್ದೆ ಬದುವಲ್ಲಿ ಹೂತಿದ್ದೀನಿ. ಇವಳಿಗೇನೂ ಗೊತ್ತಿಲ್ಲ."

ಹಾಡಿಯ ಜನ ಸುತ್ತ ನಿಂತಿದ್ದರು. ಯಾರೂ ಉಗಿಯಲಿಲ್ಲ, ಉಗಿದಿದ್ದರೆ ವಾಸಿಯಿತ್ತು. ಮಾತಿ ಬಾಗಿ ಗೆಣಸುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿ, ಸರೋಜಮ್ಮನ ಕಾಲ ಬುಡದಲ್ಲಿಟ್ಟು, ಮಕ್ಕಳನ್ನು ಕರೆದುಕೊಂಡು ಒಳಗೆ ಹೋದಳು. ತಪ್ಪಾಯ್ತೆಂದು ಲತಾಮಣಿ ಹೊರಗಿನಿಂದ ಹೇಳಿದಳು. ಸರೋಜಮ್ಮನೂ ಹೇಳಿದಳು. ಮಾತಿ ಒಳಗಿನಿಂದ ಬಾಗಿಲು ಹಾಕಿಕೊಂಡಳು.

ದಡದಲ್ಲಿ ತೋಣಿಗೆ ಕಾಯುತ್ತಾ ಕೂತಾಗ ಲತಾಮಣಿ ಸರೋಜಮ್ಮನ ಕಡೆ ತಿರುಗಿದಳು. ವಿನೋದ ದೂರ ನಿಂತಿದ್ದ.

"ಅಕ್ಕಾ, ನೀವು ನೋಡುವಾಗ ಜೀವ ಹೋಗಿತ್ತಾ?"

ಹೋಗಿತ್ತು ಎಂದರೆ ಸುಳ್ಳಾಗುತ್ತಿರಲಿಲ್ಲ. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಸರೋಜಮ್ಮನಿಗೆ ಸಾಕಾಗಿತ್ತು. ಎಲ್ಲವನ್ನೂ ಕಕ್ಕಿಬಿಟ್ಟರೆ ಎದೆ ಹಗುರಾದೀತು ಎನ್ನಿಸಿತು.

"ಹೋಗಿತ್ತು. ಆದ್ರೆ ಬೆಳಿಗ್ಗೆನೇ ಕೂಗು ಕೇಳಿಸಿತ್ತು ಕಣೇ. ಗದ್ದೆ ಗಿಳಿ, ಕಿರುಚಲಿ ಅಂತ ಬಿಟ್ಟೆ. ತುಂಬಾ ಹೊತ್ತು ಕಿರುಚಿತು. ಆಗಲೇ ಹೋಗಿದ್ರೆ ಉಳೀತಿದ್ದ."

ಲತಾಮಣಿ ಬೈಯುತ್ತಾಳೆಂದು ಅವಳು ತಲೆ ತಗ್ಗಿಸಿ ಕಾದಳು. ತಲೆ ಎತ್ತಿ ನೋಡಿದರೆ ಲತಾಮಣಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅದು ಅವನಾ?" ಎಂದಳು. "ನಂಗೂ ಕೇಳ್ತು ಅಕ್ಕಾ. ನಿದ್ದೆ ಮಂಪರಲ್ಲಿ ಒಂದ್ಸಲ ಇವನೇ ಏನೋ ಅನ್ನಿಸ್ತು. ಫೋನ್ ನೋಡಿದೆ. ಚುಕ್ಕೆ ಮನೆ ಮೇಲೇ ಇತ್ತು. ಗದ್ದೆ ಇಷ್ಟು ಹತ್ತಿರ ಅಲ್ವಾ, ನಕ್ಷೆಲಿ ಮನೆ, ಗದ್ದೆ ಎರಡೂ ಒಂದೇ ಕಡೆ ತೋರಿಸುತ್ತೆ. ಮಗ್ಗಲು ಬದಲಿಸಿ ಮಲಗಿಬಿಟ್ಟೆ."

ಸರೋಜಮ್ಮ ಅವಳ ಕೈ ಹಿಡಿಯಲು ಹೋದಳು. ಲತಾಮಣಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಮಂಡಿಗೆ ತಲೆಯಾನಿಸಿ ಕೂತಿದ್ದಳು. ತೋಣಿ ಬಂದು ದಡಕ್ಕೆ ತಾಗಿದರೂ ಕೈ ತೆಗೆಯಲಿಲ್ಲ.